ಖಿನ್ನತೆಯ ಮಾತ್ರೆ: ತಿಳಿದು ಸೇವಿಸಬೇಕಾದ ಮದ್ದು

ಈ ಪತ್ರಿಕೆಯಲ್ಲಿ ಬೋರ್ಡೋ ದ್ರಾವಣ, ಕಾಂಡಕೊರಕ ಹುಳು, ಮಾರುಕಟ್ಟೆ ಧಾರಣೆ, ಸಾಲದ ಕಂತು ಇತ್ಯಾದಿ ವಿಷಯಗಳು ಬರುವುದು ವಾಡಿಕೆ. ಮನಸ್ಸಿನ ಕಾಯಿಲೆಯ ಮಾತ್ರೆಯೊಂದರ ಬಗ್ಗೆ ಇಲ್ಲಿ ಏಕೆ ಬರೆಯಬೇಕೆಂದು ಸದಸ್ಯ ಬಾಂಧವರು ಕೇಳಬಹುದು. ತೋಟಕ್ಕೆ ಹಾಕುವ ಮದ್ದಿನ ಪ್ರಮಾಣವನ್ನು ಗ್ರಾಂ ಲೆಕ್ಕದಲ್ಲಿ ವಿಚಾರಿಸುವ ನಾವು, ನಮ್ಮ ಮೈಗೆ ಹಾಕಿಕೊಳ್ಳುವ ಮದ್ದನ್ನು ಮಾತ್ರ ಏನೂ ವಿಚಾರಿಸದೆ ನುಂಗುತ್ತೇವೆ, ಅಥವಾ ಯಾರಿಗೂ ಹೇಳದೆ ನಿಲ್ಲಿಸುತ್ತೇವೆ. ಹೀಗೆ ಮಾಡಿ ತೊಂದರೆಗೆ ಸಿಕ್ಕಿದ ಮನೆಗಳನ್ನು ಕಳೆದ ಕೆಲವು ವರ್ಷಗಳಲ್ಲಿ ನಾವು ಹತ್ತಿರದಿಂದ ನೋಡಿದ್ದೇವೆ. ಬರೆಯುವುದಕ್ಕೆ ಅಷ್ಟು ಕಾರಣ ಸಾಕು.

ನಮ್ಮ ಸದಸ್ಯರ ಪೈಕಿ ಅನೇಕರ ಸಂಸಾರ ಈಗ ಎರಡು ಕಡೆ ನಡೆಯುತ್ತಿದೆ. ತೋಟ ಮಲೆನಾಡಿನಲ್ಲಿ, ಮಕ್ಕಳು ಉತ್ತರ ಬೆಂಗಳೂರಿನಲ್ಲಿ. ಯಲಹಂಕ ಉಪನಗರ, ಸಹಕಾರನಗರ, ಹೆಬ್ಬಾಳ, ಆರ್.ಟಿ. ನಗರ, ಈ ಕಡೆಯೆಲ್ಲ ನಮ್ಮವರ ಮನೆಗಳಿವೆ. ಕೊಯ್ಲು ಮುಗಿದ ಮೇಲೆ ಹಿರಿಯರು ಯಶವಂತಪುರದಲ್ಲಿ ರೈಲಿಳಿದು ಮಗನ ಮನೆಗೆ ಬರುತ್ತಾರೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದು ಕಂಡ ಸೊಸೆಯೋ ಮಗಳೋ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಚೀಟಿ ಸಿಗುತ್ತದೆ, ಮಾತ್ರೆ ಶುರುವಾಗುತ್ತದೆ. ಅಷ್ಟರಲ್ಲಿ ಮಳೆಗಾಲ ಹತ್ತಿರವಾಯಿತೆಂದು ಹಿರಿಯರು ಊರಿಗೆ ಹೊರಡುತ್ತಾರೆ. ತೊಡಕು ಇಲ್ಲಿಂದಲೇ ಆರಂಭ. ಮಾತ್ರೆ ಮುಗಿಯುತ್ತದೆ, ಪೇಟೆಯ ಅಂಗಡಿಯಲ್ಲಿ ಅದೇ ಹೆಸರಿನದು ಇರುವುದಿಲ್ಲ, ವೈದ್ಯರು ನೂರಾರು ಕಿಲೋಮೀಟರು ದೂರ. "ಈಗ ಚೆನ್ನಾಗೇ ಇದ್ದೇನಲ್ಲ" ಎಂದು ಅಲ್ಲಿಗೇ ಬಿಡುತ್ತಾರೆ.

ಕೊಪ್ಪದ ಕಡೆಯ ಒಬ್ಬ ಸದಸ್ಯರ ಉದಾಹರಣೆ ಹೇಳುತ್ತೇವೆ, ಹೆಸರು ಬೇಡ. ಯಲಹಂಕದಲ್ಲಿ ಮಗನ ಮನೆಯಲ್ಲಿದ್ದಾಗ ಮೂರು ತಿಂಗಳು ಮಾತ್ರೆ ತೆಗೆದುಕೊಂಡು ಗೆಲುವಾಗಿದ್ದವರು ಊರಿಗೆ ಬಂದು ಒಂದೇ ದಿನಕ್ಕೆ ನಿಲ್ಲಿಸಿದರು. ನಾಲ್ಕನೆಯ ದಿನ ತಲೆ ಸುತ್ತು, ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನುವುದು, ರಾತ್ರಿ ವಿಚಿತ್ರ ಕನಸು, ಮಾತೆತ್ತಿದರೆ ಸಿಟ್ಟು. ಮನೆಯವರು ರಕ್ತದೊತ್ತಡವೆಂದರು, ನೆರೆಯವರು ಪಿತ್ತವೆಂದರು, ಇನ್ನೊಬ್ಬರು ನೋಟ ತಗುಲಿದೆ ಎಂದರು. ಮಾತ್ರೆ ನಿಲ್ಲಿಸಿದ ಸಂಗತಿ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದದ್ದೇ ಊರಿನ ಮನೆಯವರಿಗೆ ಗೊತ್ತಿರಲಿಲ್ಲ.

ಕಾಯಿಲೆ ಯಾವುದು?

ಬೇಸರ ಬೇರೆ, ಖಿನ್ನತೆ ಬೇರೆ. ಧಾರಣೆ ಬಿದ್ದರೆ, ಎಲೆಚುಕ್ಕಿ ರೋಗ ತೋಟವನ್ನು ಹಿಡಿದರೆ, ಹೂಮಳೆ ಕೈಕೊಟ್ಟರೆ ಯಾರಿಗೆ ಬೇಸರವಾಗುವುದಿಲ್ಲ? ಅದು ಕಾಯಿಲೆಯಲ್ಲ. ಆದರೆ ಎರಡು ವಾರಕ್ಕೂ ಮೀರಿ, ದಿನದ ಬಹುಪಾಲು ಹೊತ್ತು, ಮನಸ್ಸು ಕುಗ್ಗಿಯೇ ಇದ್ದು, ಮೊದಲು ಇಷ್ಟವಾಗುತ್ತಿದ್ದ ಯಾವುದೂ ರುಚಿಸದೆ, ನಿದ್ದೆ ಹಸಿವು ಕೆಟ್ಟು, ಮೈ ಭಾರವಾಗಿ, ತಾನು ಯಾತಕ್ಕೂ ಬಾರದವನೆಂಬ ಭಾವನೆ ಬೇರೂರಿ, ಬದುಕೇ ಬೇಡವೆನಿಸುತ್ತ ಬಂದರೆ ಅದನ್ನು ವೈದ್ಯರು ಖಿನ್ನತೆ ಎನ್ನುತ್ತಾರೆ. ನಮ್ಮ ಕಡೆಯ ಜನ ಮನಸ್ಸಿನ ಮಾತು ಆಡುವುದು ಕಡಿಮೆ. ಮೈಕೈ ನೋವು, ಎದೆ ಉರಿ, ಸುಸ್ತು ಎಂದೇ ವೈದ್ಯರ ಬಳಿ ಹೋಗುತ್ತಾರೆ. ಗಂಡಸರಲ್ಲಿ ಇದು ಸಿಡುಕಾಗಿಯೋ ಕುಡಿತವಾಗಿಯೋ ಕಾಣಿಸಿಕೊಳ್ಳುವುದೂ ಉಂಟು. ಥೈರಾಯಿಡ್ ಕೊರತೆ, ರಕ್ತಹೀನತೆ, ಬಿ-12 ಜೀವಸತ್ವದ ಕೊರತೆ ಇವೂ ಇದೇ ವೇಷದಲ್ಲಿ ಬರುವುದರಿಂದ ಮೊದಲು ರಕ್ತಪರೀಕ್ಷೆ ಮಾಡಿಸುವುದು ಸರಿ.

ಇದು ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾದವರು. ನಮ್ಮ ಸಂಘದ ಮಹಾಸಭೆಗೆ ಬರುವ ಜನರನ್ನು ಈ ಲೆಕ್ಕದಲ್ಲಿ ಎಣಿಸಿ ನೋಡಿದರೆ ಎಷ್ಟು ಮಂದಿ ಮೌನವಾಗಿ ಕುಳಿತಿದ್ದಾರೆಂದು ಗೊತ್ತಾದೀತು. ಕನ್ನಡಕ್ಕೆ ಈ ವಿಷಯ ಹೊಸದೂ ಅಲ್ಲ. ಕೊರವಂಜಿಯ ರಾಶಿಯವರೆಂದು ನಮ್ಮ ತಂದೆಯ ಕಾಲದವರೆಲ್ಲ ಬಲ್ಲ ಡಾ. ಎಂ. ಶಿವರಾಂ ಅವರ 'ಮನಮಂಥನ' ಮನೋವೈದ್ಯದ ಪುಸ್ತಕವೇ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಹಳ್ಳಿಯ ಗ್ರಂಥಾಲಯಗಳವರೆಗೂ ಹೋಗಿವೆ. ಓದುವವರು ಓದಿದ್ದಾರೆ, ಮಾತ್ರೆಯ ಪಟ್ಟಿಯನ್ನು ಬೀರುವಿನಲ್ಲಿ ಬಚ್ಚಿಡುವ ಅಭ್ಯಾಸ ಮಾತ್ರ ಹೋಗಿಲ್ಲ.

ಮದ್ದು ಬಂದ ದಾರಿ

ಖಿನ್ನತೆಗೆ ಮದ್ದು ಸಿಕ್ಕಿದ್ದು ಹುಡುಕಿ ಅಲ್ಲ, ಎಡವಿ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಾಜಿಡ್ ಎಂಬ ಹೊಸ ಮದ್ದು ಕೊಟ್ಟು ನೋಡಿದಾಗ, ರೋಗಿಗಳು ಅನಿರೀಕ್ಷಿತವಾಗಿ ಗೆಲುವಾದರು. 1957ರಲ್ಲಿ ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕೂನ್ ಎಂಬ ವೈದ್ಯರು ಇಮಿಪ್ರಮಿನ್ ಎಂಬ ವಸ್ತು ಖಿನ್ನತೆಯನ್ನು ಇಳಿಸುತ್ತದೆಂದು ಪ್ರಕಟಿಸಿದರು. ಬೇರೊಂದು ಕಾಯಿಲೆಗೆಂದು ಪರೀಕ್ಷೆಗೆ ಬಂದಿದ್ದ ವಸ್ತು ಅದು. ಈ ಕಥೆಯಲ್ಲಿ ನಮ್ಮ ನೆಲದ ಒಂದು ಗಿಡಕ್ಕೂ ಪಾಲಿದೆ. ಸರ್ಪಗಂಧದ ಬೇರಿನಿಂದ ತೆಗೆದ ರಿಸರ್ಪಿನ್ ಎಂಬ ಸತ್ವವನ್ನು 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಕೊಡುತ್ತಿದ್ದಾಗ, ಕೆಲವು ರೋಗಿಗಳು ಮಂಕಾದರೆಂದು ವೈದ್ಯರು ವರದಿ ಮಾಡಿದರು. ಆ ಸತ್ವ ಮೆದುಳಿನ ಕೆಲವು ರಾಸಾಯನಿಕಗಳನ್ನು ಬರಿದು ಮಾಡುತ್ತದೆಂದು ತಿಳಿದ ಮೇಲೆ, ಮನಸ್ಸಿನ ಕುಗ್ಗಿಗೂ ಈ ರಾಸಾಯನಿಕಗಳಿಗೂ ಸಂಬಂಧವಿರಬಹುದೆಂಬ ವಿಚಾರ ಹುಟ್ಟಿತು.

ಹಳೆಯ ಮದ್ದುಗಳಾದ ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್ ಕೆಲಸಕ್ಕೆ ಬರುತ್ತಿದ್ದವು, ಇಂದಿಗೂ ಬರುತ್ತವೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ, ಮಂಪರು ಹೆಚ್ಚು. ಮಿತಿ ಮೀರಿದರೆ ಹೃದಯಕ್ಕೆ ಪ್ರಾಣಾಂತಿಕ. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲೂಕ್ಸೆಟಿನ್‌ಗೆ ಒಪ್ಪಿಗೆ ಸಿಕ್ಕಿದ ಮೇಲೆ ಹೊಸ ಪೀಳಿಗೆಯ ಮಾತ್ರೆಗಳು ಹರಡಿದವು. ಡೆನ್ಮಾರ್ಕಿನ ಕಂಪನಿಯೊಂದು 1989ರಲ್ಲಿ ಹೊರತಂದ ಸಿಟಾಲೊಪ್ರಾಮ್ ಈ ಬಳಗದ್ದು. ಅದರಲ್ಲಿ ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಹಿಡಿದ ಎರಡು ರೂಪಗಳಿದ್ದು, ಕೆಲಸ ಮಾಡುವ ರೂಪವನ್ನಷ್ಟೇ ಬೇರ್ಪಡಿಸಿದ್ದು ಎಸ್ಸಿಟಾಲೊಪ್ರಾಮ್. ಅಮೆರಿಕದಲ್ಲಿ ಇದಕ್ಕೆ 2002ರಲ್ಲಿ ಒಪ್ಪಿಗೆ ದೊರೆಯಿತು. ನಮ್ಮ ದೇಶದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದು ಸೇರಿದೆ. ಬೆಂಗಳೂರಿನಿಂದ ಚೀಟಿ ಹಿಡಿದು ಬರುವ ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಈ ಮಾತ್ರೆಯೇ ಆದ್ದರಿಂದ, ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಇದನ್ನು ಕುರಿತದ್ದು.

ಹೇಗೆ ಕೆಲಸ ಮಾಡುತ್ತದೆ, ಏಕೆ ತಡ?

ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಸುದ್ದಿ ಮುಟ್ಟಿಸಿದ ಮೇಲೆ ಕಳುಹಿಸಿದ ಕೋಶವೇ ಅದನ್ನು ವಾಪಸು ಹೀರಿಕೊಳ್ಳುತ್ತದೆ. ಎಸ್ಸಿಟಾಲೊಪ್ರಾಮ್ ಈ ವಾಪಸು ಹೀರುವಿಕೆಯನ್ನು ತಡೆಯುತ್ತದೆ. ಸೆರೊಟೋನಿನ್ ಕೋಶಗಳ ನಡುವೆ ಹೆಚ್ಚು ಹೊತ್ತು ಉಳಿಯುತ್ತದೆ. ಇಷ್ಟು ನಿಜ. ಆದರೆ "ಸೆರೊಟೋನಿನ್ ಕಡಿಮೆಯಾಯಿತು, ಆದ್ದರಿಂದ ಖಿನ್ನತೆ ಬಂದಿತು, ಮಾತ್ರೆ ಅದನ್ನು ತುಂಬುತ್ತದೆ" ಎಂದು ಕೆಲವರು ಹೇಳುವ ಸುಲಭ ಸೂತ್ರ ಸಾಬೀತಾದದ್ದಲ್ಲ. ಯೂರಿಯಾ ಹಾಕಿ ಸಾರಜನಕ ತುಂಬಿದಂತೆ ಅಲ್ಲ ಇದು. ಸೆರೊಟೋನಿನ್ ಮಟ್ಟ ಬದಲಾಗುವುದು ಮೊದಲ ದಿನವೇ. ಮನಸ್ಸು ತಿಳಿಯಾಗುವುದು ವಾರಗಳ ಮೇಲೆ. ನಡುವೆ ಮೆದುಳು ತನ್ನನ್ನು ತಾನು ಹೊಂದಿಸಿಕೊಳ್ಳುವ ಕೆಲಸ ನಡೆಯುತ್ತದೆಂದು ತಜ್ಞರ ಅಭಿಪ್ರಾಯ.

ಹಾಗಾದರೆ ಮದ್ದು ನಿಜಕ್ಕೂ ಉಪಯೋಗವೇ ಎಂಬ ಪ್ರಶ್ನೆ ನ್ಯಾಯವಾದದ್ದು. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 21 ಮದ್ದುಗಳ ಮೇಲಿನ 522 ಪ್ರಯೋಗಗಳನ್ನು, ಒಂದು ಲಕ್ಷಕ್ಕೂ ಮೀರಿದ ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿತು. ಎಲ್ಲ ಮದ್ದುಗಳೂ ಹುಸಿ ಮಾತ್ರೆಗಿಂತ ಮೇಲೆಂದು ಕಂಡುಬಂದಿತು. ಆದರೆ ಆ ಮೇಲುಗೈ ಸರಾಸರಿಯಲ್ಲಿ ಸಾಧಾರಣವಾದದ್ದೇ. ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದವರಿಗೆ ಮಾತ್ರೆ ಬೇಕು. ಹಗುರವಾಗಿದ್ದವರಿಗೆ ಆಪ್ತ ಸಮಾಲೋಚನೆಯಿಂದಲೇ ವಾಸಿಯಾಗುವುದುಂಟು. ಎರಡನ್ನೂ ಜೊತೆಗೂಡಿಸಿದರೆ ಅನೇಕರಿಗೆ ಇನ್ನೂ ಒಳ್ಳೆಯದು.

ಸಾಮಾನ್ಯವಾಗಿ ವೈದ್ಯರು 5 ಅಥವಾ 10 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ವಯಸ್ಕರಲ್ಲಿ 20 ಮಿಲಿಗ್ರಾಂ ಮೇಲ್ಮಿತಿ. 65 ದಾಟಿದ ಹಿರಿಯರಲ್ಲಿ ಸಾಮಾನ್ಯವಾಗಿ 10ಕ್ಕೇ ನಿಲ್ಲಿಸುತ್ತಾರೆ, ಹೃದಯದ ಬಡಿತದ ಲಯ ಕೆಡಬಾರದೆಂಬ ಎಚ್ಚರಿಕೆಯಿಂದ. ದಿನಕ್ಕೊಂದು ಸಲ, ಊಟಕ್ಕೆ ಮುಂಚೆಯೋ ಆಮೇಲೋ ಆಗಬಹುದು. ನಿದ್ದೆ ಕೆಡುವವರು ಬೆಳಿಗ್ಗೆ ತೆಗೆದುಕೊಳ್ಳುವುದು ವಾಸಿ. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಬಹುದು. ಮರುದಿನ ಎರಡು ಸೇರಿಸಿ ನುಂಗಬಾರದು. ಗುಣ ಕಾಣಲು 2ರಿಂದ 4 ವಾರ ಬೇಕು, ಪೂರ್ಣ ಪರಿಣಾಮ ತಿಳಿಯಲು 6ರಿಂದ 8 ವಾರ. "ಹತ್ತು ದಿನ ತಿಂದೆ, ಏನೂ ಆಗಲಿಲ್ಲ" ಎಂದು ಬಿಡುವವರು ಮದ್ದಿನ ಗುಣವನ್ನೇ ನೋಡದೆ ಬಿಟ್ಟವರು.

ಮೊದಲ ವಾರಗಳು

ತಡವಾಗಿ ಬರುವುದು ಗುಣ. ಬೇಗ ಬರುವುದು ಅಡ್ಡಪರಿಣಾಮ. ಇದನ್ನು ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ಹೊಟ್ಟೆ ತೊಳಸುವುದು, ತಲೆನೋವು, ಬಾಯಿ ಒಣಗುವುದು, ಬೆವರು, ಭೇದಿ, ನಿದ್ದೆ ಬಾರದಿರುವುದು ಇಲ್ಲವೇ ಮಂಪರು, ಇವು ಮೊದಲ ವಾರದಲ್ಲಿ ಬಂದು ಹೆಚ್ಚಿನವರಲ್ಲಿ ಎರಡು ವಾರದೊಳಗೆ ಇಳಿಯುತ್ತವೆ. ಮಂಪರು ಇರುವ ದಿನಗಳಲ್ಲಿ ಜೀಪು ಓಡಿಸುವುದು, ಕಳೆ ಕೊಚ್ಚುವ ಯಂತ್ರ ಹಿಡಿಯುವುದು ಬೇಡ. ದಾಂಪತ್ಯ ಸುಖದಲ್ಲಿ ಆಸಕ್ತಿ ಕಡಿಮೆಯಾಗುವುದು, ತೃಪ್ತಿ ತಡವಾಗುವುದು ಈ ಮಾತ್ರೆಯ ಸಾಮಾನ್ಯ ತೊಂದರೆ. ಇದು ತಾನಾಗಿ ಇಳಿಯದೆ ಉಳಿಯುವುದೂ ಉಂಟು. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಮದ್ದನ್ನೋ ಬದಲಿಸಲು ದಾರಿಯಿದೆ.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಮಾತ್ರೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಕೆಲವರಲ್ಲಿ, ಮುಖ್ಯವಾಗಿ 25 ವರ್ಷದೊಳಗಿನವರಲ್ಲಿ, ಚಡಪಡಿಕೆ ಹೆಚ್ಚಿ ಸಾಯುವ ಯೋಚನೆ ಬಲಿಯಬಹುದು. ಅಮೆರಿಕದ ಔಷಧಿ ಇಲಾಖೆ ಈ ಎಚ್ಚರಿಕೆಯನ್ನು 2004ರಲ್ಲಿ ಮಕ್ಕಳ ಸಂಬಂಧವಾಗಿ ಕಡ್ಡಾಯ ಮಾಡಿ, 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿತು. ಹೆಬ್ಬಾಳ, ಯಲಹಂಕದ ಕಡೆಯ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ, ಪೇಯಿಂಗ್ ಗೆಸ್ಟ್ ಕೊಠಡಿಗಳಲ್ಲಿ ನಮ್ಮ ಮಕ್ಕಳು ಒಂಟಿಯಾಗಿದ್ದಾರೆ. ಅವರಿಗೆ ಮಾತ್ರೆ ಶುರುವಾದರೆ ಮೊದಲ ತಿಂಗಳು ಊರಿಗೆ ಕರೆಸಿಕೊಳ್ಳಿ, ಇಲ್ಲವೇ ಯಾರಾದರೂ ಹೋಗಿ ಜೊತೆಗಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂದು ಹಲವರ ಭಯ. ಹಾಗಾಗುವುದಿಲ್ಲ, ಕೇಳಿದರೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ.

ತೋಟದ ಮನೆಗೆ ಬಂದರೆ ಇನ್ನೂ ಒಂದು ಕೆಲಸವಿದೆ. ಕ್ರಿಮಿನಾಶಕಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಬೇರೊಬ್ಬರು ಇಟ್ಟುಕೊಳ್ಳಬೇಕು. ಬೇಕಾಗಿಲ್ಲದ್ದನ್ನು ಮನೆಯಲ್ಲಿ ಉಳಿಸಲೇಬಾರದು. ಇದು ಬರಿಯ ಉಪದೇಶವಲ್ಲ. ಪಕ್ಕದ ಶ್ರೀಲಂಕಾದಲ್ಲಿ 1984ರಿಂದ ಹಂತಹಂತವಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳ ಪ್ರಮಾಣ ಗಣನೀಯವಾಗಿ ಇಳಿಯಿತು. ಕೆಟ್ಟ ಗಳಿಗೆ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜನ ಉಳಿಯುತ್ತಾರೆ. ಮಾತ್ರೆಯ ಪಟ್ಟಿಗಳನ್ನೂ ಒಮ್ಮೆಗೇ ಆರು ತಿಂಗಳಿಗಾಗುವಷ್ಟು ತಂದಿಡುವುದು ಬೇಡ, ಮುಖ್ಯವಾಗಿ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಮದ್ದುಗಳನ್ನು.

ಇನ್ನೊಂದು ಸೂಕ್ಷ್ಮ. ಮಾತ್ರೆ ಶುರುವಾದ ಮೇಲೆ ಮನುಷ್ಯ ಇದ್ದಕ್ಕಿದ್ದಂತೆ ಅತಿ ಉತ್ಸಾಹಿಯಾಗಿ, ನಿದ್ದೆಯಿಲ್ಲದೆ ಓಡಾಡಿ, ಬಾಯ್ತುಂಬ ಮಾತಾಡಿ, ಲಂಗುಲಗಾಮಿಲ್ಲದೆ ಖರ್ಚು ಮಾಡತೊಡಗಿದರೆ, "ಪೂರ್ತಿ ಗುಣವಾಯಿತು" ಎಂದು ಸಂತೋಷಪಡಬೇಡಿ. ಅದು ಇನ್ನೊಂದು ಕಾಯಿಲೆಯ, ಖಿನ್ನತೆ ಮತ್ತು ಉನ್ಮಾದ ಸರದಿಯಲ್ಲಿ ಬರುವ ಕಾಯಿಲೆಯ ಲಕ್ಷಣವಿರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ. ಕೂಡಲೇ ವೈದ್ಯರನ್ನು ಕಾಣಬೇಕು.

ಜೊತೆಗೆ ಯಾವುದು ಸೇರಬಾರದು?

ಸಿಂಪರಣೆಯ ಪೀಪಾಯಿಯಲ್ಲಿ ಬೋರ್ಡೋ ದ್ರಾವಣದ ಜೊತೆ ಸಿಕ್ಕಿದ ಮದ್ದನ್ನೆಲ್ಲ ಬೆರೆಸಬಾರದೆಂದು ನಮಗೆ ಗೊತ್ತು. ಹೊಟ್ಟೆಯೂ ಒಂದು ಪೀಪಾಯಿಯೇ. ನಮ್ಮ ವಯಸ್ಸಿನ ತೋಟಗಾರರ ಮಾತ್ರೆ ಡಬ್ಬಿ ತೆಗೆದು ನೋಡಿದರೆ ಮೊಣಕಾಲು ನೋವಿಗೊಂದು, ಬಿ.ಪಿ.ಗೊಂದು, ಗ್ಯಾಸಿಗೊಂದು, ಹೃದಯಕ್ಕೆಂದು ಆಸ್ಪಿರಿನ್ ಇದ್ದೇ ಇರುತ್ತವೆ. ಇವುಗಳಲ್ಲಿ ಒಂದೊಂದೂ ಎಸ್ಸಿಟಾಲೊಪ್ರಾಮ್ ಜೊತೆ ಒಂದೊಂದು ಬಗೆಯಲ್ಲಿ ತಗಾದೆ ತೆಗೆಯಬಲ್ಲದು.

ಮೊಣಕಾಲಿಗೆ ತೆಗೆದುಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೆನ್, ಮತ್ತು ಆಸ್ಪಿರಿನ್ ಇವು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಲ್ಲವು. ಎಸ್ಸಿಟಾಲೊಪ್ರಾಮ್ ಸೇರಿದರೆ ಆ ಸಂಭವ ಹೆಚ್ಚು. ಮಲ ಟಾರಿನಂತೆ ಕಪ್ಪಗಾದರೆ ತಡ ಮಾಡಬಾರದು. ಸಾಧಾರಣ ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆಯದು ಬೇರೆಯೇ ಅಪಾಯ: ಎರಡೂ ಸೆರೊಟೋನಿನ್ ಏರಿಸುವುದರಿಂದ, ಮೈ ನಡುಕ, ಬೆವರು, ಜ್ವರ, ಸ್ನಾಯುಗಳ ಎಳೆತ, ಭ್ರಮೆ ಕಾಣಿಸಿಕೊಳ್ಳಬಹುದು. ಇದು ತುರ್ತು ಸ್ಥಿತಿ, ಆಸ್ಪತ್ರೆಗೆ ಹೋಗಬೇಕು. ಕೆಮ್ಮಿನ ಕೆಲವು ಸಿರಪ್ಪುಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್, ಲಿನಿಜೋಲಿಡ್ ಎಂಬ ಆಂಟಿಬಯೋಟಿಕ್ ಇವೂ ಇದೇ ಗುಂಪಿಗೆ ಸೇರಿದವು. ಗ್ಯಾಸಿಗೆಂದು ನುಂಗುವ ಒಮಿಪ್ರಜೋಲ್ ಎಸ್ಸಿಟಾಲೊಪ್ರಾಮನ್ನು ಮೈಯಲ್ಲಿ ಕರಗಲು ಬಿಡದೆ ಅದರ ಮಟ್ಟ ಏರಿಸುತ್ತದೆ. 10 ತಿಂದರೂ ಹೆಚ್ಚು ತಿಂದಂತೆ ಆದೀತು.

ಬಿ.ಪಿ.ಗೆ ಕೊಡುವ, ನಮ್ಮ ಜನ 'ನೀರಿನ ಮಾತ್ರೆ' ಎನ್ನುವ, ಮೂತ್ರ ಹೆಚ್ಚಿಸುವ ಮಾತ್ರೆಗಳ ಬಗ್ಗೆ ಹಿರಿಯರು ವಿಶೇಷ ಗಮನ ಕೊಡಬೇಕು. ಎಸ್ಸಿಟಾಲೊಪ್ರಾಮ್ ಒಂದರಿಂದಲೇ ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯುವುದುಂಟು. ನೀರಿನ ಮಾತ್ರೆ ಸೇರಿದರೆ ಇನ್ನೂ ಸುಲಭ. ಲಕ್ಷಣ ಏನೆಂದರೆ ಸುಸ್ತು, ವಾಕರಿಕೆ, ನಡೆಯುವಾಗ ತೂರಾಟ, ಮಾತು ತಪ್ಪುವುದು, ಗಲಿಬಿಲಿ. ಆರ್.ಟಿ. ನಗರದಲ್ಲಿ ಮಗಳ ಮನೆಯಲ್ಲಿದ್ದ ನಮ್ಮ ಸದಸ್ಯರೊಬ್ಬರ ತಾಯಿ ಹೀಗೆಯೇ ಗಲಿಬಿಲಿಗೊಂಡಾಗ, ವಯಸ್ಸಾಯಿತು, ಅರಳುಮರಳು ಎಂದು ಎಲ್ಲರೂ ನಂಬಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ ಸೋಡಿಯಂ ಇಳಿದಿತ್ತು. ಸರಿಪಡಿಸಿದ ಮೇಲೆ ಅಮ್ಮ ಮತ್ತೆ ಹಪ್ಪಳದ ಲೆಕ್ಕ ಹಾಕತೊಡಗಿದರು. ಅಗ್ಗದ, ಸರಳ ಪರೀಕ್ಷೆ ಅದು. ಅರವತ್ತೈದು ದಾಟಿದವರು ಮಾತ್ರೆ ಆರಂಭಿಸಿ ಕೆಲವು ವಾರಗಳಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದೇ ಎಂದು ವೈದ್ಯರನ್ನು ಕೇಳಿ.

ಮದ್ಯದ ವಿಷಯ ಹೇಳದೆ ಬಿಡುವಂತಿಲ್ಲ. ಮಳೆಗಾಲದ ಸಂಜೆ ಒಂದೆರಡು ಪೆಗ್ಗು ನಮ್ಮ ಸೀಮೆಯಲ್ಲಿ ಶಿಷ್ಟಾಚಾರವೆಂಬಂತೆ ನಡೆಯುತ್ತದೆ. ಮದ್ಯ ತಾನೇ ಖಿನ್ನತೆಯನ್ನು ಬೆಳೆಸುವಂಥದ್ದು. ಮಾತ್ರೆ ಮೇಲೆತ್ತಿದ್ದನ್ನು ಅದು ಕೆಳಗೆಳೆಯುತ್ತದೆ. ಮಾತ್ರೆ ನಡೆಯುವಷ್ಟು ಕಾಲ ಬಿಡುವುದು ಲೇಸು. ಸರ್ಪಗಂಧ ಸೇರಿದ ನಾಟಿ ಮದ್ದು ಸೇವಿಸುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಕಾರಣ ಮೇಲೆ ಹೇಳಿದ್ದೇವೆ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಹೆದರಿ ತಾವಾಗಿ ನಿಲ್ಲಿಸದೆ, ಲಾಭನಷ್ಟ ತೂಗಿ ನೋಡಲು ವೈದ್ಯರಿಗೇ ಬಿಡಬೇಕು.

ಇನ್ನು ನಮ್ಮ ಬೆಳೆಗಳೇ! ಕಾಫಿ ಕುಡಿಯಬಹುದೇ ಎಂದು ಕೇಳಿದವರಿದ್ದಾರೆ. ಎಸ್ಸಿಟಾಲೊಪ್ರಾಮ್ ಜೊತೆ ದಿನಕ್ಕೆ ಎರಡು ಲೋಟ ಕಾಫಿಗೆ ಅಡ್ಡಿಯಿಲ್ಲ. ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ರಾಭಂಗ ಇರುವವರು ಮಧ್ಯಾಹ್ನದ ಮೇಲೆ ಬಿಡುವುದು ಒಳ್ಳೆಯದು. ಆದರೆ ಇದೇ ಬಳಗದ ಫ್ಲೂವಾಕ್ಸಮಿನ್ ಎಂಬ ಮಾತ್ರೆ, ಗೀಳು ಕಾಯಿಲೆಗೆ ಹೆಚ್ಚಾಗಿ ಕೊಡುವಂಥದ್ದು, ಕೆಫೀನನ್ನು ಮೈಯಿಂದ ಹೊರಹಾಕುವ ಯಕೃತ್ತಿನ ಕೆಲಸವನ್ನೇ ತಡೆಯುತ್ತದೆ. ಬೆಳಗಿನ ಕಾಫಿ ರಾತ್ರಿಯವರೆಗೂ ರಕ್ತದಲ್ಲಿ ಉಳಿದು ಎದೆ ಡವಗುಟ್ಟಿಸುತ್ತದೆ. ಲಿಥಿಯಂ ಸೇವಿಸುವವರ ಕಥೆ ಇದಕ್ಕೆ ತಿರುಗಾಮುರುಗಾ: ಕಾಫಿ ಲಿಥಿಯಂ ಅನ್ನು ಮೂತ್ರದಲ್ಲಿ ಹೊರಕಳಿಸಲು ನೆರವಾಗುವುದರಿಂದ, ರೂಢಿಯಿದ್ದ ಕಾಫಿಯನ್ನು ಥಟ್ಟನೆ ಬಿಟ್ಟರೆ ಲಿಥಿಯಂ ಮಟ್ಟ ಏರುವ ಅಪಾಯವಿದೆ. ಕಾಫಿ ಬೆಳೆಗಾರರ ಪತ್ರಿಕೆ ಕಾಫಿಯ ಪರ ವಕಾಲತ್ತು ಮಾಡುತ್ತಿದೆ ಎಂದುಕೊಳ್ಳಬೇಡಿ, ಇದು ವೈದ್ಯರೂ ಹೇಳುವ ಮಾತು.

ಅಡಿಕೆಯ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಅಡಿಕೆಯಲ್ಲಿರುವ ಅರಿಕೋಲಿನ್ ನರಗಳ ಮೇಲೆ ಕೆಲಸ ಮಾಡುವ ವಸ್ತು. ಚಿತ್ತವಿಕಲತೆಯ ಮದ್ದು ಸೇವಿಸುವವರು ಮಿತಿಮೀರಿ ಅಡಿಕೆ ಜಗಿದಾಗ ಕೈಕಾಲು ಬಿಗಿತ ಹೆಚ್ಚಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಾತ್ರೆಯಿಂದ ಬಾಯಿ ಒಣಗುತ್ತದೆಂದು ದಿನವಿಡೀ ಕವಳ ಹಾಕುವ ಅಭ್ಯಾಸ ಕೆಲವರದು. ಬಾಯಿ ಒಣಗಿದರೆ ನೀರು ಗುಟುಕರಿಸಿ. ವೈದ್ಯರು ಕೇಳಿದಾಗ ದಿನಕ್ಕೆ ಎಷ್ಟು ಕವಳ ಎಂಬುದನ್ನೂ ಸರಿಯಾಗಿ ಹೇಳಿ.

ಯಾವಾಗ ನಿಲ್ಲಿಸುವುದು?

ಹೆಬ್ಬಾಳದ ಕೃಷಿ ಶಾಲೆಯ ಆರಂಭದ ದಿನಗಳಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಅವರ ಹೆಸರು ಅಡಿಕೆ ಬೆಳೆಗಾರರಿಗೆ ಹೊಸದಲ್ಲ. 1908ರಲ್ಲಿ ಇಲ್ಲಿಗೆ ಬಂದ ಅವರು ಕೊಳೆರೋಗದ ಮೇಲೆ ಕೆಲಸ ಮಾಡಿ, ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಪದ್ಧತಿಯನ್ನು ಮಲೆನಾಡಿಗೆ ತಂದರು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರು. ಮಳೆಗೆ ಮುಂಚೆ ಒಂದು, 40-45 ದಿನ ಬಿಟ್ಟು ಇನ್ನೊಂದು. ಮೊದಲ ಸಿಂಪರಣೆಯ ಮೇಲೆ ಕೊನೆಗಳು ಹಸಿರಾಗಿ ನಳನಳಿಸುತ್ತಿವೆ, ಎರಡನೆಯದಕ್ಕೆ ಕೊನೆಗೌಡನ ಕೂಲಿ ದಂಡ ಎಂದು ಬಿಟ್ಟವರ ತೋಟದ ಬುಡದಲ್ಲಿ ಶ್ರಾವಣಕ್ಕೆ ಏನು ಬಿದ್ದಿರುತ್ತದೆಂದು ನಾವು ಹೇಳಬೇಕಾಗಿಲ್ಲ. ಕೊನೆ ಹಸಿರಾಗಿರುವುದು ಮದ್ದು ಇರುವುದರಿಂದ.

ಖಿನ್ನತೆಯ ಮಾತ್ರೆಯೂ ಹಾಗೆಯೇ. ಮನಸ್ಸು ಪೂರ್ತಿ ಸರಿಹೋದ ಮೇಲೂ ಕನಿಷ್ಠ 6 ತಿಂಗಳು, ಹಲವರಿಗೆ 9ರಿಂದ 12 ತಿಂಗಳು ಮುಂದುವರಿಸಬೇಕು. ಹಿಂದೆ ಎರಡು ಮೂರು ಸಲ ಬಂದಿದ್ದರೆ ಇನ್ನೂ ಹೆಚ್ಚು ಕಾಲ. ಬೇಗ ಬಿಟ್ಟರೆ ಮರುಕಳಿಸುವ ಸಂಭವ ಹೆಚ್ಚು. ಬಿಡುವಾಗಲೂ ಒಮ್ಮೆಗೇ ಅಲ್ಲ. ವಾರಗಟ್ಟಲೆ, ಬಹಳ ಕಾಲ ಸೇವಿಸಿದವರು ತಿಂಗಳುಗಟ್ಟಲೆ, ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಕೊಪ್ಪದ ಸದಸ್ಯರಿಗೆ ಆದದ್ದು ಪಿತ್ತವೂ ಅಲ್ಲ, ನೋಟವೂ ಅಲ್ಲ. ಒಮ್ಮೆಗೇ ಬಿಟ್ಟದ್ದರ ಫಲ. ಯಲಹಂಕದ ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದಂತೆ ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಎರಡು ಮೂರು ದಿನದಲ್ಲಿ ಸರಿಹೋಯಿತು.

"ಹಾಗಾದರೆ ಚಟವಾಯಿತಲ್ಲ" ಎನ್ನಬಹುದು. ಅಲ್ಲ. ಚಟವೆಂದರೆ ಅದೇ ಬೇಕೆಂಬ ಹಂಬಲ, ದಿನೇದಿನೇ ಪ್ರಮಾಣ ಏರಿಸಬೇಕಾಗುವುದು. ಈ ಮಾತ್ರೆಯಲ್ಲಿ ಅವೆರಡೂ ಇಲ್ಲ. ಮೈ ಒಗ್ಗಿಕೊಂಡಿರುವುದರಿಂದ ನಿಧಾನವಾಗಿ ಇಳಿಸಬೇಕಷ್ಟೆ. ಚಟವಾಗುವುದು ಬೇರೆ ಮಾತ್ರೆ. ಆಲ್ಪ್ರಜೋಲಾಮ್, ಡಯಾಜೆಪಾಮ್ ಮೊದಲಾದ ನಿದ್ದೆ ಮತ್ತು ಆತಂಕದ ಮಾತ್ರೆಗಳು ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲೇ ಹಾಯೆನಿಸುತ್ತವೆ. ಆದ್ದರಿಂದಲೇ ಜನ ನಿಧಾನದ ಮಾತ್ರೆ ಬಿಟ್ಟು ಇವನ್ನು ಹಿಡಿದುಕೊಳ್ಳುತ್ತಾರೆ. ವೈದ್ಯರು ಮೊದಲ ಎರಡು ಮೂರು ವಾರಕ್ಕೆಂದು ಎರಡನ್ನೂ ಬರೆದಿರುತ್ತಾರೆ. ಚೀಟಿಯಲ್ಲಿ ಯಾವುದು ಎಷ್ಟು ದಿನ ಎಂದು ಅಂದೇ ಕೇಳಿ ಬರೆಸಿಕೊಳ್ಳಬೇಕು. ಆಲ್ಪ್ರಜೋಲಾಮ್, ಡಯಾಜೆಪಾಮ್ 2014ರಿಂದ ಎಚ್-1 ಎಂಬ ಕಟ್ಟುನಿಟ್ಟಿನ ಪಟ್ಟಿಯಲ್ಲಿವೆ; ಚೀಟಿಯಿಲ್ಲದೆ ಕೊಡಕೂಡದು, ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. "ಪರಿಚಯದ ಅಂಗಡಿ, ಕೇಳಿದರೆ ಕೊಡುತ್ತಾರೆ" ಎಂದು ಹೆಮ್ಮೆಪಡುವವರನ್ನು ಕಂಡರೆ ನಮಗೆ ಕನಿಕರವೆನಿಸುತ್ತದೆ. ಅಂಥ ಪರಿಚಯ ಒಳ್ಳೆಯದಲ್ಲ.

ಚೀಟಿ, ಹೆಸರು, ವಿಳಾಸ

ಊರಿನ ಅಂಗಡಿಯಲ್ಲಿ "ಈ ಹೆಸರಿನದು ಇಲ್ಲ" ಎಂದರೆ ಹೆದರಬೇಕಾಗಿಲ್ಲ. ಪಟ್ಟಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಎಸ್ಸಿಟಾಲೊಪ್ರಾಮ್ ಆಕ್ಸಲೇಟ್ ಎಂದು, ಪಕ್ಕದಲ್ಲಿ ಮಿಲಿಗ್ರಾಂ ಲೆಕ್ಕ ಇರುತ್ತದೆ. ಆ ಸಣ್ಣ ಅಕ್ಷರವೇ ಮುಖ್ಯ. ರಸಗೊಬ್ಬರದ ಚೀಲದ ಮೇಲೆ ಕಂಪನಿಯ ಚಿತ್ರ ನೋಡದೆ 17:17:17 ನೋಡುತ್ತೇವಲ್ಲ, ಹಾಗೆ. ಅದೇ ಮದ್ದು, ಅದೇ ಮಿಲಿಗ್ರಾಂ ಇದ್ದರೆ ಬೇರೆ ಕಂಪನಿಯದೂ ಆದೀತು. ಆದರೆ ಕ್ಲೋನಾಜೆಪಾಮ್ ಬೆರೆಸಿದ ಜೋಡಿ ಮಾತ್ರೆಗಳೂ ಮಾರುಕಟ್ಟೆಯಲ್ಲಿವೆ. ಹೆಸರು ಒಂದೇ ತರಹ, ಕೊನೆಯಲ್ಲಿ ಒಂದು ಪದ ಹೆಚ್ಚು. ಬದಲಿ ಕೊಳ್ಳುವಾಗ ಇದನ್ನು ನೋಡದೆ ತಂದರೆ, ಬೇಡದ ನಿದ್ದೆ ಮಾತ್ರೆಯೂ ಹೊಟ್ಟೆ ಸೇರುತ್ತದೆ. ಬೆಂಗಳೂರಿನಿಂದ ಹೊರಡುವ ಮೊದಲು ವೈದ್ಯರಿಗೆ "ನಾವು ಇಷ್ಟು ತಿಂಗಳು ತೋಟದಲ್ಲಿರುತ್ತೇವೆ" ಎಂದು ತಿಳಿಸಿ, ಊರಿನ ವೈದ್ಯರಿಗೆ ತೋರಿಸಲು ಒಂದು ಸಂಕ್ಷಿಪ್ತ ಪತ್ರ ಕೇಳಿ ಪಡೆಯಿರಿ. ಚೀಟಿಯ ನಕಲು ಎರಡೂ ಮನೆಗಳಲ್ಲಿ ಇರಲಿ.

ಉತ್ತರ ಬೆಂಗಳೂರಿನಲ್ಲಿರುವವರು ಹೊಸೂರು ರಸ್ತೆಯ ನಿಮ್ಹಾನ್ಸ್‌ವರೆಗೆ ಊರು ದಾಟಿ ಹೋಗಲೇಬೇಕೆಂದಿಲ್ಲ. ಯಶವಂತಪುರಕ್ಕೆ ಸಮೀಪದ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ; ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಿಂದ ನಡೆಯುತ್ತಿದೆ. ಕಾಯಿಲೆ ಬಿಗಡಾಯಿಸಿದವರಿಗೆ ಮಾತ್ರ ನಿಮ್ಹಾನ್ಸ್. ಅಲ್ಲಿ ಹಗಲುರಾತ್ರಿ ತುರ್ತು ವಿಭಾಗ ತೆರೆದಿರುತ್ತದೆ. ಊರಿನಲ್ಲಿರುವವರಿಗೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಗೊತ್ತಾದ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿ ಹೋಗಿ. ಹೊರಡಲಾಗದವರಿಗೆ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರಿನಿಂದ ಇದೆ: 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಒಯ್ದರೆ ಕೇಸಾದೀತೆಂದು ಹಿಂಜರಿಯುವ ಮನೆಗಳಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ದೂರವಿಟ್ಟಿದೆ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ ಎಂದಿದೆ.

ಸಂಘದ ಕಚೇರಿಯ ಕಬ್ಬಿಣದ ಬೀಗದ ಪೆಟ್ಟಿಗೆಗಳು ಕ್ರಿಮಿನಾಶಕ ಇಡುವುದಕ್ಕೆಂದೇ ಬಂದಿವೆ. ಬೇಕಾದ ಸದಸ್ಯರು ಗೊಬ್ಬರ ಒಯ್ಯಲು ಬಂದಾಗ ದಾಸ್ತಾನು ಗುಮಾಸ್ತರಲ್ಲಿ ಹೆಸರು ಬರೆಸಿ ತೆಗೆದುಕೊಂಡು ಹೋಗಬಹುದು; ಹಣವನ್ನು ಮುಂದಿನ ಬಟವಾಡೆಯಲ್ಲಿ ಮುರಿದುಕೊಳ್ಳಲಾಗುವುದು.